ನೆನಪಿನ ಬೇಸರ, ಗಳಿಗೆಯ ಬೇಸರ

"ಕಳೆದ ಎರಡು ವಾರ ಮನಸ್ಸು ಹೇಗಿತ್ತು?" ಎಂದು ಕೇಳಿದರೆ ಯಾರೂ ಹದಿನಾಲ್ಕು ದಿನಗಳನ್ನು ಕೂಡಿ ಭಾಗಿಸಿ ಉತ್ತರ ಕೊಡುವುದಿಲ್ಲ. ನಿನ್ನೆ ರಾತ್ರಿಯ ಜಗಳವೊಂದು ಸಾಕು, ಅಷ್ಟೂ ದಿನ ಕೆಟ್ಟದಾಗಿತ್ತು ಎನ್ನಿಸಿಬಿಡುತ್ತದೆ. ಆದರೂ ಔಷಧಿ ನಾಟಿತೋ ಇಲ್ಲವೋ, ಆಪ್ತಸಮಾಲೋಚನೆ ಫಲ ಕೊಟ್ಟಿತೋ ಎಂಬುದನ್ನು ಬಹುಮಟ್ಟಿಗೆ ಇಂಥ ಉತ್ತರಗಳೇ ನಿರ್ಧರಿಸುತ್ತಿವೆ.

1950ರ ದಶಕದಲ್ಲಿ ಖಿನ್ನತೆಗೆ ಮಾತ್ರೆಗಳು ಬಂದ ಮೇಲೆ ಅಳತೆಯ ಪ್ರಶ್ನೆ ತುರ್ತಾಯಿತು. 1960ರಲ್ಲಿ ಬ್ರಿಟನ್ನಿನ ಮ್ಯಾಕ್ಸ್ ಹ್ಯಾಮಿಲ್ಟನ್ 17 ಅಂಶಗಳ ಮಾಪಕ ಕೊಟ್ಟರು. ರೋಗಿಯನ್ನು ಮಾತನಾಡಿಸಿ ಅಂಕ ಹಾಕುವವರು ವೈದ್ಯರು. ಮರುವರ್ಷ ಅಮೆರಿಕದ ಆರನ್ ಬೆಕ್ ತಂಡದ 21 ಅಂಶಗಳ ಪ್ರಶ್ನಾವಳಿ ಬಂತು. ಹ್ಯಾಮಿಲ್ಟನ್ ಮಾಪಕದಲ್ಲಿ ಒಂದು ತೊಡಕಿದೆ. ಅದರಲ್ಲಿ ನಿದ್ದೆಗೇ ಮೂರು ಅಂಶ, ಒಟ್ಟು 6 ಅಂಕ. ಕುಗ್ಗಿದ ಮನಸ್ಸಿಗೆ ನೇರವಾಗಿ ಸಿಗುವುದು ಹೆಚ್ಚೆಂದರೆ 4. ಮಂಪರು ಬರಿಸುವ ಮಾತ್ರೆ ಕೊಟ್ಟರೆ ಬೇಸರ ಇದ್ದಲ್ಲೇ ಇದ್ದರೂ ಅಂಕ ಇಳಿಯಬಹುದು. ಅಂಥ ಮಾಪಕವೇ ದಶಕಗಳ ಕಾಲ ಔಷಧ ಪರೀಕ್ಷೆಗಳ ಯಜಮಾನಿಕೆ ನಡೆಸಿತು.

ನೆನಪನ್ನು ನಂಬುವುದೇ ಬೇಡ, ಆಯಾ ಗಳಿಗೆಯಲ್ಲೇ ಕೇಳೋಣ ಎಂದು ಹೊರಟವರು ಷಿಕಾಗೋದ ಮಿಹಾಯ್ ಚಿಕ್‌ಸೆಂಟ್‌ಮಿಹಾಯಿ ಮತ್ತು ಸಂಗಡಿಗರು. 1970ರ ದಶಕದಲ್ಲಿ ಅವರು ಹದಿಹರೆಯದವರಿಗೆ ಪೇಜರ್ ಕೊಟ್ಟರು. ಹೊತ್ತುಗೊತ್ತಿಲ್ಲದೆ ಅದು ಬೀಪ್ ಎಂದಾಗ ಎಲ್ಲಿದ್ದೀರಿ, ಏನು ಮಾಡುತ್ತಿದ್ದೀರಿ, ಹೇಗನ್ನಿಸುತ್ತಿದೆ ಎಂದು ಹಾಳೆಯಲ್ಲಿ ಬರೆಯಬೇಕು. ಈ ಬಗೆಯ ಡೈರಿಗಳು ಆಮೇಲೆ ನೋವು, ಧೂಮಪಾನ, ಆತಂಕದ ಅಧ್ಯಯನಗಳಿಗೂ ಹಬ್ಬಿದವು.

ಆದರೆ ಡೈರಿ ತುಂಬುವುದು ಯಾವಾಗ? ಇದನ್ನು ಪತ್ತೆಹಚ್ಚಿದ ರೀತಿ ಪತ್ತೇದಾರಿ ಕತೆಯಂತಿದೆ. ಆರ್ಥರ್ ಸ್ಟೋನ್ ಮತ್ತು ಸಂಗಡಿಗರು ದೀರ್ಘಕಾಲದ ನೋವಿನ ರೋಗಿಗಳಿಗೆ ದಿನಕ್ಕೆ ಮೂರು ಸಲ ಬರೆಯಲು ಕಾಗದದ ಡೈರಿ ಕೊಟ್ಟರು. ಅದರ ರಟ್ಟಿನೊಳಗೆ ಬೆಳಕು ಗುರುತಿಸುವ ಸಾಧನ ಅಡಗಿತ್ತು. ಡೈರಿ ತೆರೆದದ್ದು ಯಾವಾಗ, ಮುಚ್ಚಿದ್ದು ಯಾವಾಗ ಎಂಬುದೆಲ್ಲ ಅದರಲ್ಲಿ ದಾಖಲು. 2002ರಲ್ಲಿ ಫಲಿತಾಂಶ ಪ್ರಕಟವಾಯಿತು. ಬರವಣಿಗೆಯ ಪ್ರಕಾರ ಶೇ. 90ರಷ್ಟು ನಮೂದುಗಳು ಹೊತ್ತಿಗೆ ಸರಿಯಾಗಿದ್ದವು. ನಿಜಕ್ಕೂ ಸಮಯಕ್ಕೆ ಬರೆದದ್ದು ಶೇ. 11. ಸುಮಾರು ಮೂರನೇ ಒಂದು ಭಾಗದಷ್ಟು ದಿನಗಳಲ್ಲಿ ಡೈರಿಯನ್ನು ತೆರೆದೇ ಇರಲಿಲ್ಲ, ಆದರೆ ಆ ದಿನಗಳ ಪುಟಗಳೂ ಭರ್ತಿ! ಸಮಯವನ್ನು ತಾನೇ ದಾಖಲಿಸುವ ಎಲೆಕ್ಟ್ರಾನಿಕ್ ಡೈರಿ ಪಡೆದವರಲ್ಲಿ ನಿಜಕ್ಕೂ ಸಮಯಕ್ಕೆ ಬರೆದದ್ದು ಶೇ. 94 ಇತ್ತು. ರೋಗಿಗಳನ್ನು ಸುಳ್ಳುಗಾರರು ಎನ್ನಲು ನನಗೆ ಮನಸ್ಸಿಲ್ಲ. ಶಾಲೆಯ ದಿನಚರಿಯನ್ನು ಒಂದೇ ಸಂಜೆ ಕೂತು ಬರೆದು ಮುಗಿಸಿದವರು ನಮ್ಮಲ್ಲೂ ಕಡಿಮೆಯೇನಿಲ್ಲ.

ಕೈಗೆ ಸ್ಮಾರ್ಟ್‌ಫೋನ್ ಬಂದ ಮೇಲೆ ಈ ಕಾಟ ಬಹುಪಾಲು ತಪ್ಪಿತು. ಆದರೂ ಬದಲಾವಣೆಯನ್ನು ಅಳೆಯುವ ತೊಂದರೆ ಹಾಗೇ ಉಳಿಯಿತು. ಮೊದಲ ಅಂಕದಿಂದ ಎರಡನೆಯದನ್ನು ಕಳೆದರೆ ಎರಡರ ತಪ್ಪೂ ಉತ್ತರದೊಳಗೆ ಸೇರುತ್ತದೆ ಎಂದು ಲೀ ಕ್ರಾನ್‌ಬಾಕ್ ಮತ್ತು ಲಿಟಾ ಫರ್ಬಿ 1970ರಲ್ಲೇ ಎಚ್ಚರಿಸಿದ್ದರು. ಇನ್ನೊಂದು ಸಂಗತಿ 2018ರಲ್ಲಿ ಪ್ಯಾಟ್ರಿಕ್ ಶ್ರೌಟ್ ತಂಡದಿಂದ ಬಂತು: ಮೊದಲ ಸಲ ಕೇಳಿದಾಗ ಜನ ಆತಂಕ, ಬೇಸರಗಳನ್ನು ತುಸು ಹೆಚ್ಚಾಗಿಯೇ ಹೇಳುತ್ತಾರೆ, ಆಮೇಲೆ ಅದು ತಾನಾಗಿ ಇಳಿಯುತ್ತದೆ. ಮೇಲಾಗಿ, ಜನ ಚಿಕಿತ್ಸೆಗೆ ಬರುವುದೇ ತೀರಾ ಸೋತಾಗ. ಅಲ್ಲಿಂದ ಕೊಂಚ ಸುಧಾರಿಸುವುದು ಸಹಜ. ಹೋಲಿಸಿ ನೋಡಲು ಚಿಕಿತ್ಸೆ ಇಲ್ಲದ ಇನ್ನೊಂದು ಗುಂಪು ಇರದಿದ್ದರೆ ಈ ಇಳಿಕೆಯೆಲ್ಲ ಚಿಕಿತ್ಸೆಯ ಖಾತೆಗೆ ಜಮೆ. "ನಮ್ಮ ಆ್ಯಪ್ ಬಳಸಿದವರ ಆತಂಕ ಇಷ್ಟು ಕಡಿಮೆಯಾಯಿತು" ಎಂಬ ಜಾಹೀರಾತು ಕಂಡಾಗ ನಾನು ಮೊದಲು ಹುಡುಕುವುದು ಆ ಇನ್ನೊಂದು ಗುಂಪನ್ನೇ.

ಕೇಳುವುದೇ ಬೇಡ, ಬರೆದದ್ದನ್ನು ಎಣಿಸೋಣ ಎಂಬ ಯತ್ನವೂ ಆಗಿದೆ. 2014ರಲ್ಲಿ ಪ್ರಕಟವಾದ ಫೇಸ್‌ಬುಕ್ ಪ್ರಯೋಗ 6,89,003 ಬಳಕೆದಾರರಲ್ಲಿ ಕೆಲವರಿಗೆ ಗೆಳೆಯರ ಸಂತಸದ ಪೋಸ್ಟ್‌ಗಳನ್ನೂ ಕೆಲವರಿಗೆ ದುಃಖದ ಪೋಸ್ಟ್‌ಗಳನ್ನೂ ಕಡಿಮೆ ತೋರಿಸಿ, ಆಮೇಲೆ ಅವರೇ ಬರೆದ ಪೋಸ್ಟ್‌ಗಳಲ್ಲಿ ಸಂತಸದ, ದುಃಖದ ಪದಗಳನ್ನು ಲೆಕ್ಕ ಹಾಕಿತು. ಕಂಡ ವ್ಯತ್ಯಾಸ ಅತಿ ಸಣ್ಣದು. ಹೇಳದೆ ಕೇಳದೆ ಜನರ ಮೇಲೆ ಪ್ರಯೋಗ ಮಾಡಿದ್ದಕ್ಕೆ ಎದ್ದ ಗದ್ದಲವೇ ದೊಡ್ಡದಾಯಿತು.

ಹಾಗಾಗಿ ಸದ್ಯಕ್ಕೆ ಫೋನಿನ ಬೀಪ್ ಅನ್ನೇ ಹೆಚ್ಚಿನವರು ನೆಚ್ಚಿಕೊಂಡಿದ್ದಾರೆ. ಆದರೆ ಹಾಸಿಗೆ ಬಿಟ್ಟು ಏಳಲಾಗದ ದಿನ ಬೀಪ್‌ಗೆ ಉತ್ತರಿಸುವವರು ಯಾರು? ಅತಿ ಕೆಟ್ಟ ಗಳಿಗೆಗಳೇ ಲೆಕ್ಕದಿಂದ ಜಾರಿಹೋಗಿದ್ದರೆ ಸರಾಸರಿ ಇರುವುದಕ್ಕಿಂತ ಚೆನ್ನಾಗಿಯೇ ಕಾಣುತ್ತದೆ. ಖಾಲಿ ಉಳಿದ ನಮೂದುಗಳಿಗೆ ಸಂಖ್ಯಾಶಾಸ್ತ್ರದ ತೇಪೆಗಳೇನೋ ಇವೆ, ಆದರೆ ಅವು ನಿಂತಿರುವುದು ಆ ಮೌನಕ್ಕೆ ಕಾರಣವೇನೆಂಬ ಊಹೆಯ ಮೇಲೆ.