ಆಸ್ಮೋಟಿಕ್ ಫ್ರಜಿಲಿಟಿ ಅಂದ್ರ ಏನು? ಕೆಂಪು ರಕ್ತಕಣ ಯಾವಾಗ ಒಡಿತೈತಿ, ಯಾಕ ಒಡಿತೈತಿ

ಕೆಂಪು ರಕ್ತಕಣಾನ ತೆಳ್ಳಗಿನ ಉಪ್ಪುನೀರಾಗ ಬಿಟ್ರ ನೀರು ಒಳಗ ನುಗ್ಗಿ ಅದು ಉಬ್ಬತೈತಿ, ಉಪ್ಪು ಇನ್ನೂ ಕಡಿಮಿ ಮಾಡ್ಕೊಂತ ಹೋದ್ರ ಒಂದು ಹಂತಕ್ಕ ಒಡದು ಒಳಗಿನ ಹಿಮೋಗ್ಲೋಬಿನ್ ಹೊರಗ ಸೋರತೈತಿ. ಎಷ್ಟು ಪರ್ಸೆಂಟ್ ಉಪ್ಪಿಗೆ ಒಡಿಯಾಕ ಶುರು ಆಗ್ತೈತಿ, ಎಷ್ಟಕ್ಕ ಪೂರಾ ಒಡದು ಮುಗಿತೈತಿ ಅನ್ನೂ ಅಳತಿನ ಆಸ್ಮೋಟಿಕ್ ಫ್ರಜಿಲಿಟಿ. ವಿಜಯಪುರ, ಬಾಗಲಕೋಟಿ ಕಡೆ ಡಿಎಂಎಲ್‌ಟಿ (ಲ್ಯಾಬ್ ಟೆಕ್ನಿಷಿಯನ್ ಡಿಪ್ಲೊಮಾ) ಓದೂ ಹುಡುಗ್ರು ಇದನ್ನ ಪೊರಿ ಎಷ್ಟು ಗಟ್ಟಿ ಐತಿ ಅಂತ ನೋಡೂ ಟೆಸ್ಟ್ ಅಂತ ಬಾಯಿಪಾಠ ಮಾಡ್ತಾರ, ಆದ್ರ ಅದು ಅರ್ಧ ಮಾತು ರೀ, ಇಲ್ಲಿ ಪೊರಿ ಗಟ್ಟಿತನಕ್ಕಿಂತ ಕಣದ ಆಕಾರದ್ದ ದೊಡ್ಡ ಪಾತ್ರ.

0.9 ಪರ್ಸೆಂಟ್ ಸಲೈನ್, ಅಂದ್ರ ಲೀಟರಿಗೆ 9 ಗ್ರಾಂ ಉಪ್ಪು, ಇದರಾಗ ಕಣ ಇದ್ದಂಗ ಇರ್ತೈತಿ. ಉಪ್ಪು ಹೆಚ್ಚಾದ್ರ ನೀರು ಹೊರಗ ಬಂದು ಕಣ ಕುಗ್ಗಿ ಮೈಮ್ಯಾಲ ಮುಳ್ಳು ಮುಳ್ಳು ಏಳ್ತಾವ, ಅದಕ್ಕ ಕ್ರಿನೇಷನ್ ಅಂತಾರ. ನೀರು ಪೊರಿ ದಾಟಾಕ ಅಕ್ವಾಪೋರಿನ್-1 ಅನ್ನೂ ಪ್ರೋಟೀನಿನ ದಾರಿಗೋಳು ಅದಾವ, ವಿಜ್ಞಾನಿ ಪೀಟರ್ ಆಗ್ರೆ ಅವರಿಗೆ ಇದು ಮೊದಲು ಸಿಕ್ಕಿದ್ದ ಕೆಂಪು ರಕ್ತಕಣದ ಪೊರಿಯೊಳಗ, 2003ರಾಗ ಅವರಿಗೆ ಕೆಮಿಸ್ಟ್ರಿ ನೊಬೆಲ್ ಬಂತು. ಇನ್ನ 5 ಪರ್ಸೆಂಟ್ ಡೆಕ್ಸ್ಟ್ರೋಸ್ (ಅಂದ್ರ ಗ್ಲುಕೋಸ್ ನೀರು) ಬಾಟಲಿಯೊಳಗ ಇದ್ದಾಗ ರಕ್ತಕ್ಕ ಸರಿಸಮ ಇದ್ರೂ, ಗ್ಲುಕೋಸ್ ಕಣದ ಒಳಗ ಹೋಗಿ ಅದರ ಹಿಂದ ನೀರೂ ಹೋಗ್ತೈತಿ, ಹಂಗಾಗಿ ರಕ್ತ ಏರಿಸೂ ಲೈನಿನಾಗ ಡೆಕ್ಸ್ಟ್ರೋಸ್ ಕೂಡಿಸೂದಿಲ್ಲ, ನಾರ್ಮಲ್ ಸಲೈನ್ ಅಷ್ಟ.

ಈಗ ಆಕಾರಕ್ಕ ಬರೂಣು. ಒಂದು ಕಣದ ಗಾತ್ರ ಸುಮಾರು 90 ಫೆಮ್ಟೋಲೀಟರ್, ಅದರ ಪೊರಿ ಹರವು ಸುಮಾರು 140 ಚದರ ಮೈಕ್ರಾನ್. ಅಷ್ಟ ಗಾತ್ರಾನ ದುಂಡಗಿನ ಗೋಲದಾಗ ತುಂಬಾಕ 97 ಚದರ ಮೈಕ್ರಾನ್ ಸಾಕಿತ್ತು, ಉಳಿದ ಪೊರಿ ಎಲ್ಲಾ ಹೆಚ್ಚಿಗಿದ್ದು, ಅದರಿಂದನ ಕಣಕ್ಕ ನಡುವ ತಗ್ಗಿರೂ ಚಪ್ಪಟಿ ಆಕಾರ ಬಂದೈತಿ. ಅರ್ಧ ತುಂಬಿದ ಜೋಳದ ಚೀಲ ಎತ್ತಿ ನೋಡ್ರಿ, ಹೆಂಗ ಬೇಕಾದ್ರ ಹಂಗ ಬಾಗತೈತಿ, ಅದ ಬಾಯಿತನಕ ತುಂಬಿ ಮ್ಯಾಲ ಇನ್ನಷ್ಟು ತುರುಕಿದ್ರ ಹೊಲಿಗಿ ಬಿಚ್ಚತೈತಿ. ಕಣದ್ದೂ ಹಂಗ. ಒಳಗ ಸ್ಪೆಕ್ಟ್ರಿನ್ ಅನ್ನೂ ಪ್ರೋಟೀನಿನ ಜಾಲ ಇರೂದ್ರಿಂದ ಪೊರಿ ಬಾಗಾಕ, ಮಡಚಾಕ ಭಾಳ ಸಲೀಸು, ಆದ್ರ ಅದರ ಹರವು ಹಿಗ್ಗೂದು 3-4 ಪರ್ಸೆಂಟ್ ಅಷ್ಟ. ನೀರು ಕುಡದು ಗೋಲ ಆಗೂತನಕ ಪೊರಿ ಮ್ಯಾಲ ಎಳೆತ ಬೀಳೂದಿಲ್ಲ, ಗೋಲ ಆದಮ್ಯಾಲ ಸ್ವಲ್ಪ ನೀರು ಹೋದ್ರೂ ತೂತು ಬಿದ್ದು ಹಿಮೋಗ್ಲೋಬಿನ್ ಹೊರಗ. ಖಾಲಿ ಪೊರಿಗೆ ಲ್ಯಾಬಿನಾಗ ಘೋಸ್ಟ್ ಅಂತಾರ.

ಟೆಸ್ಟಿನಾಗ 0.9ರಿಂದ ಕೆಳಗ ಬೇರೆ ಬೇರೆ ಸಲೈನ್ ಟ್ಯೂಬಿಗೆ ಒಂದೊಂದು ಹನಿ ರಕ್ತ ಹಾಕಿ ನೋಡ್ತಾರ, ಆರೋಗ್ಯವಂತರ ಕಣ 0.5-0.45ರ ಸುತ್ತ ಒಡಿಯಾಕ ಶುರು ಆಗಿ 0.3ರ ಹತ್ರ ಪೂರಾ ಮುಗಿತಾವ. ನಮ್ಮ ಕಡೆ ಏಪ್ರಿಲ್-ಮೇದಾಗ 40 ಡಿಗ್ರಿ ದಾಟೂ ಬಿಸಿಲಿಗೆ ಮುಚ್ಚಳ ಸಡಲ ಇದ್ದ ಸಲೈನ್ ಬಾಟಲಿಯೊಳಗಿನ ನೀರು ಆರಿ ಉಪ್ಪಿನ ಪರ್ಸೆಂಟ್ ಏರ್ತೈತಿ, ಆಗ ರಿಪೋರ್ಟ್ ತಪ್ಪಾಗೂದು ಗ್ಯಾರಂಟಿ, ಇದನ್ನ ಲ್ಯಾಬ್ ಮಂದಿ ಖರೇನ ಮನಸಿನಾಗ ಇಟ್ಕೋಬೇಕು.

ಹೆರಿಡಿಟರಿ ಸ್ಫೆರೋಸೈಟೋಸಿಸ್ ಅನ್ನೂ ಕಾಯಿಲಿಯೊಳಗ ಕಣ ಪೊರಿ ಕಳ್ಕೊಂಡು ಮೊದಲ ದುಂಡಗಿರ್ತಾವ, ಉಬ್ಬಾಕ ಜಾಗ ಇಲ್ಲ, ಲಗೂನ ಒಡಿತಾವ. ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದ ವಂಶಪಾರಂಪರ್ಯ ಕಾಯಿಲಿ ಥಲಸ್ಸೀಮಿಯಾದಾಗ ಉಲ್ಟಾ, ಹಿಮೋಗ್ಲೋಬಿನ್ ಕಡಿಮಿ, ಗಾತ್ರ ಸಣ್ಣದು, ಗಾತ್ರಕ್ಕ ಹೋಲಿಸಿದ್ರ ಪೊರಿ ಹೆಚ್ಚು, ಹಿಂಗಾಗಿ ಒಡಿಯೂದು ತಡ. ರಿಪೋರ್ಟಿನಾಗ ಫ್ರಜಿಲಿಟಿ ಕಡಿಮಿ ಅಂತ ಇದ್ರ ರಕ್ತ ಚಲೋ ಐತಿ ಅಂತ ಖುಷಿ ಪಡಬ್ಯಾಡ್ರಿ.

ಈ ತಡ ಒಡಿಯೂ ಗುಣಾನ ಉಪಯೋಗಿಸಿ ಥಲಸ್ಸೀಮಿಯಾ ಸಂಶಯ ಐತೇನು ಅಂತ ನೋಡೂ ಸ್ವಸ್ತದ ಟೆಸ್ಟ್ ನೆಸ್ಟ್ರಾಫ್: 0.36 ಪರ್ಸೆಂಟ್ ಸಲೈನಿಗೆ ರಕ್ತ ಹಾಕಿ ಅರ್ಧ ತಾಸು ಬಿಟ್ಟು, ಟ್ಯೂಬಿನ ಹಿಂದ ಕರಿ ಗೆರಿ ಇರೂ ಬಿಳಿ ಹಾಳಿ ಹಿಡಿತಾರ, ಗೆರಿ ಕಂಡ್ರ ಕಣ ಒಡದಾವ, ನಾರ್ಮಲ್. ಮಬ್ಬಾಗಿ ಗೆರಿ ಕಾಣಲಿಲ್ಲಂದ್ರ ಪಾಸಿಟಿವ್. ಕಬ್ಬಿಣದಂಶ ಕಡಿಮಿ ಇದ್ರೂ ಪಾಸಿಟಿವ್ ಬರತೈತಿ, ಅದಕ್ಕ ಮುಂದ ಎಚ್‌ಪಿಎಲ್‌ಸಿ (ಹಿಮೋಗ್ಲೋಬಿನ್ನಿನ ಬ್ಯಾರೆ ಬ್ಯಾರೆ ನಮೂನಿ ಅಳಿಯೂ ಟೆಸ್ಟ್) ಮಾಡಿಸಿ ಹಿಮೋಗ್ಲೋಬಿನ್ ಎ2 ಅನ್ನೂ ನಮೂನಿ ಎಷ್ಟೈತಿ ನೋಡಸಬೇಕು, 3.5 ಪರ್ಸೆಂಟಿಗಿಂತ ಹೆಚ್ಚಿದ್ರ ಸಾಮಾನ್ಯವಾಗಿ ಬೀಟಾ ಥಲಸ್ಸೀಮಿಯಾ ಕ್ಯಾರಿಯರ್, ಅಂದ್ರ ಕಾಯಿಲಿನ ಮಕ್ಕಳಿಗೆ ದಾಟಿಸಬಹುದಾದವರು, ಅಂತ ತಿಳಿತಾರ. ನಮ್ಮಲ್ಲಿ ಸೋದರಮಾವಗ, ಅತ್ತಿ ಮಗಗ ಹೆಣ್ಣು ಕೊಡೂದು ಇನ್ನೂ ಐತಿ, ಗಂಡ ಹೆಂಡ್ತಿ ಇಬ್ರೂ ಕ್ಯಾರಿಯರ್ ಆದ್ರ ಪ್ರತಿ ಬಸಿರಿನಾಗೂ ಕೂಸಿಗೆ ಥಲಸ್ಸೀಮಿಯಾ ಮೇಜರ್ (ಈ ಕಾಯಿಲಿಯ ಗಂಭೀರ ರೂಪ) ಬರೂ ಸಾಧ್ಯತಾ 25 ಪರ್ಸೆಂಟ್, ಅದಕ್ಕ ಒಬ್ಬರದು ಪಾಸಿಟಿವ್ ಬಂದ್ರ ಇನ್ನೊಬ್ಬರದೂ ಮದುವಿ ಮುಂಚೆನ, ಇಲ್ಲಾ ಬಸಿರಿನ ಮೊದಲ ತಿಂಗಳಿನಾಗ ಮಾಡಸ್ರಿ.