1899ರ ಸುವಾನಿ ತಂಡ: ಆರು ದಿನ, ಐದು ಪಂದ್ಯ

ಇದು ಅಮೆರಿಕದ ಒಂದು ಪುಟ್ಟ ಕಾಲೇಜಿನ ಫುಟ್‌ಬಾಲ್ ತಂಡದ ಕಥೆ. ಮೊದಲು ಒಂದು ಗೊಂದಲ ಬಗೆಹರಿಸಿಕೊಳ್ಳೋಣ. ಅಮೆರಿಕದ ಕಾಲೇಜು ಫುಟ್‌ಬಾಲ್ ನಮ್ಮ ಫುಟ್‌ಬಾಲ್ ಅಲ್ಲ. ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡಬೇಕು, ಓಡುವವನನ್ನು ಎದುರಿನವರು ಹಿಡಿದು ಕೆಡವಬೇಕು. ಕಬಡ್ಡಿಯಲ್ಲಿ ರೈಡರ್‌ನ ಮೇಲೆ ಎಲ್ಲರೂ ಬೀಳ್ತಾರಲ್ಲ, ಆ ಚಿತ್ರ ಮನಸ್ಸಿನಲ್ಲಿರಲಿ.

1899ರಲ್ಲಿ ಚೆಂಡನ್ನು ಕೈಯಿಂದ ಮುಂದಕ್ಕೆ ಎಸೆಯುವ ಹಾಗಿರಲಿಲ್ಲ. ಅದಕ್ಕೆ ಒಪ್ಪಿಗೆ ಸಿಕ್ಕಿದ್ದು 1906ರಲ್ಲಿ. ಮೂರು ಪ್ರಯತ್ನದಲ್ಲಿ ಐದು ಗಜ ಮುಂದೆ ಹೋಗಬೇಕು, ಆಗದಿದ್ದರೆ ಚೆಂಡು ಎದುರಾಳಿಗೆ. ಹೀಗಾಗಿ ಗುಂಪುಕಟ್ಟಿ ನುಗ್ಗುವುದೇ ಆಟ. ಮೈದಾನದಿಂದ ಹೊರಬಂದವನು ಸುಮ್ನೆ ಮತ್ತೆ ಒಳಗೆ ಹೋಗುವಂತಿಲ್ಲ. ನುಗ್ಗುವವರೂ ಅವರೇ, ತಡೆಯುವವರೂ ಅವರೇ.

ಅಂಕದ ಲೆಕ್ಕವೂ ಬೇರೆ. ಚೆಂಡನ್ನು ಎದುರಾಳಿಯ ಗೆರೆ ದಾಟಿಸಿದರೆ, ಅಂದರೆ ಟಚ್‌ಡೌನ್ ಆದರೆ, ಆಗ 5 ಅಂಕ, ಈಗ 6. ಅದರ ಬೆನ್ನಿಗೇ ಒದೆತ ಸರಿಯಾದರೆ ಇನ್ನೊಂದು. ಇದು ಗೊತ್ತಿಲ್ಲದೆ ಹಳೆಯ ಸ್ಕೋರು ಓದಿದರೆ ಲೆಕ್ಕ ತಾಳೆಯಾಗುವುದಿಲ್ಲ.

ಈಗ ತಂಡಕ್ಕೆ ಬರೋಣ. ಟೆನೆಸಿ ರಾಜ್ಯದ ಕಂಬರ್ಲೆಂಡ್ ಪ್ರಸ್ಥಭೂಮಿಯ ಮೇಲೆ ಸುವಾನಿ ಅನ್ನುವ ಊರು. ಅಲ್ಲಿರುವುದು ಯೂನಿವರ್ಸಿಟಿ ಆಫ್ ದ ಸೌತ್, ಎಪಿಸ್ಕೋಪಲ್ ಚರ್ಚಿನವರ ಪುಟ್ಟ ವಿಶ್ವವಿದ್ಯಾಲಯ. ಕೋಚ್ ಬಿಲ್ಲಿ ಸೂಟರ್, ನಾಯಕ ಹೆನ್ರಿ ಸೀಬೆಲ್ಸ್. ಆದರೆ ನನಗೆ ಈ ಕಥೆಯ ಮುಖ್ಯ ವ್ಯಕ್ತಿ ಅನ್ನಿಸುವುದು ಮ್ಯಾನೇಜರ್ ಲ್ಯೂಕ್ ಲೀ. ಮೈದಾನಕ್ಕೆ ಇಳಿಯದೆ ಇಡೀ ಸೀಸನ್ ಕಟ್ಟಿದವನು ಅವನು.

ಹಾಗೆ ಕಟ್ಟಬೇಕಾಗಿ ಬಂದಿದ್ದು ದುಡ್ಡಿನಿಂದ. ಟಿಕೆಟ್ ಹಣದ ಪಾಲಿನ ವಿಷಯದಲ್ಲಿ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಜೊತೆ ಜಗಳವಾಗಿ ಆ ವರ್ಷದ ಪಂದ್ಯ ತಪ್ಪಿತು. ಹತ್ತಿರದ ದೊಡ್ಡ ಪಂದ್ಯವೇ ಹೋದರೆ ಖರ್ಚು ಹುಟ್ಟುವುದೆಲ್ಲಿಂದ? ಲೀ ದೂರದ ತಂಡಗಳ ಜೊತೆ ಸಾಲಾಗಿ ಪಂದ್ಯ ಗೊತ್ತುಮಾಡಿದ. ಹೇಗೂ ರೈಲು ಹತ್ತಿದ ಮೇಲೆ ದಾರಿಯಲ್ಲಿ ಸಿಗುವ ಎಲ್ಲರ ಜೊತೆಗೂ ಆಡಿಬಿಟ್ಟರೆ ಸರಿ, ಅಲ್ವಾ?

21 ಆಟಗಾರರು ಹೊರಟರು. ಕುಡಿಯಲು ಸುವಾನಿಯ ನೀರನ್ನೇ ಪೀಪಾಯಿಗಳಲ್ಲಿ ತುಂಬಿಸಿಕೊಂಡಿದ್ದರು. ನೀರು ಮರೆಯದವರು ಆಟದ ಶೂಗಳನ್ನು ಸ್ಟೇಷನ್ನಿನಲ್ಲೇ ಬಿಟ್ಟರು! ಆಮೇಲೆ ಹಿಂದಿನಿಂದ ತರಿಸಿಕೊಂಡರು.

ನವೆಂಬರ್ 9, ಗುರುವಾರ, ಆಸ್ಟಿನ್‌ನಲ್ಲಿ ಟೆಕ್ಸಸ್ ವಿಶ್ವವಿದ್ಯಾಲಯದ ವಿರುದ್ಧ 12–0. ಮರುದಿನ ಹ್ಯೂಸ್ಟನ್‌ನಲ್ಲಿ ಟೆಕ್ಸಸ್ ಎ ಅಂಡ್ ಎಂ ವಿರುದ್ಧ 10–0. ಶನಿವಾರ ನ್ಯೂ ಆರ್ಲಿಯನ್ಸ್‌ನಲ್ಲಿ ಟುಲೇನ್ ವಿರುದ್ಧ 23–0. ಭಾನುವಾರ ಆಟವಿಲ್ಲ. ಸೋಮವಾರ ಬ್ಯಾಟನ್ ರೂಜ್‌ನಲ್ಲಿ ಲೂಯಿಸಿಯಾನ ಸ್ಟೇಟ್ ವಿರುದ್ಧ 34–0, ಮಂಗಳವಾರ ಮೆಂಫಿಸ್‌ನಲ್ಲಿ ಮಿಸಿಸಿಪ್ಪಿ ವಿರುದ್ಧ 12–0. ಒಟ್ಟು 91 ಅಂಕ, ಬಿಟ್ಟುಕೊಟ್ಟಿದ್ದು ಸೊನ್ನೆ. ಇಡೀ ಪ್ರವಾಸ ಸುಮಾರು 2,500 ಮೈಲಿ. ರಾತ್ರಿ ರೈಲಿನಲ್ಲಿ ಮಲಗಿ, ಹಗಲು ಇಳಿದು ಗುದ್ದಾಡಿದವರು ಇವರು. ಅಂಕಗಳಿಗಿಂತ ನನಗೆ ಇದೇ ಜಾಸ್ತಿ ಆಶ್ಚರ್ಯ.

ಸೀಸನ್ನಿನ ಒಟ್ಟು ಲೆಕ್ಕ 12 ಪಂದ್ಯ, 12 ಗೆಲುವು. ಹೊಡೆದಿದ್ದು 322 ಅಂಕ, ಕೊಟ್ಟಿದ್ದು ಬರೀ 10. ಆ ಹತ್ತೂ ಒಂದೇ ಪಂದ್ಯದಲ್ಲಿ ಹೋದವು: ನವೆಂಬರ್ 30ರಂದು ಮಾಂಟ್‌ಗೊಮರಿಯಲ್ಲಿ ಆಬರ್ನ್ ಎದುರು. ಗೆದ್ದಿದ್ದು 11–10ರಿಂದ, ಒಂದೇ ಒಂದು ಅಂಕದ ಅಂತರ. ಆಬರ್ನ್‌ನ ಕೋಚ್ ಜಾನ್ ಹೈಸ್ಮನ್. ಕಾಲೇಜು ಫುಟ್‌ಬಾಲ್‌ನ ದೊಡ್ಡ ಪ್ರಶಸ್ತಿ ಹೈಸ್ಮನ್ ಟ್ರೋಫಿಗೆ ಇಟ್ಟಿರುವುದು ಇದೇ ಮನುಷ್ಯನ ಹೆಸರು. ಎರಡು ದಿನ ಬಿಟ್ಟು ಅಟ್ಲಾಂಟಾದಲ್ಲಿ ನಾರ್ತ್ ಕ್ಯಾರೊಲೈನಾ ವಿರುದ್ಧ 5–0. ಅಲ್ಲಿಗೆ ಸೀಸನ್ ಮುಗಿಯಿತು.

ಮ್ಯಾನೇಜರ್ ಲೀ ಮುಂದೆ ಅಮೆರಿಕದ ಸೆನೆಟರ್ ಆದ. 1919ರ ಜನವರಿಯಲ್ಲಿ ಹಾಲೆಂಡಿನಲ್ಲಿ ಆಶ್ರಯ ಪಡೆದಿದ್ದ ಜರ್ಮನಿಯ ಮಾಜಿ ಕೈಸರ್‌ನನ್ನು, ಅಂದರೆ ಚಕ್ರವರ್ತಿಯನ್ನು, ಎತ್ತಿಕೊಂಡು ಬರಲು ಕಾರಿನಲ್ಲಿ ಹೋಗಿ ಬರಿಗೈಯಲ್ಲಿ ಮರಳಿದ. ಈ ಕಥೆಗೆ ಇದು ಬೇಕಿಲ್ಲ, ಆದರೆ ಬಿಡಲು ಮನಸ್ಸಾಗಲಿಲ್ಲ.

ತಂಡದ ಕಥೆ ಮಾತ್ರ ಬೇರೆ ದಾರಿ ಹಿಡಿಯಿತು. 1932ರಲ್ಲಿ ಸೌತ್‌ಈಸ್ಟರ್ನ್ ಕಾನ್ಫರೆನ್ಸ್ ಎಂಬ ಕಾಲೇಜು ತಂಡಗಳ ಕೂಟ ಕಟ್ಟಿದಾಗ ಅದರಲ್ಲಿ ಸುವಾನಿಯೂ ಇತ್ತು. ಅಷ್ಟು ಹೊತ್ತಿಗೆ ದೊಡ್ಡ ಕಾಲೇಜುಗಳ ಎದುರು ಈ ಪುಟ್ಟ ಕಾಲೇಜು ನಿಲ್ಲುವ ಹಾಗಿರಲಿಲ್ಲ. ಕೂಟದೊಳಗಿನ ಒಂದು ಪಂದ್ಯವನ್ನೂ ಗೆಲ್ಲದೆ 1940ರಲ್ಲಿ ಹೊರಬಂತು. ಈಗ ಆಡುವುದು ಕಾಲೇಜು ಕ್ರೀಡೆಯ ಮೂರನೇ ಡಿವಿಷನ್ನಿನಲ್ಲಿ, ಅಂದರೆ ಮೂರನೇ ಹಂತದಲ್ಲಿ. ಅಲ್ಲಿ ಆಟಕ್ಕೆಂದು ಸ್ಕಾಲರ್‌ಶಿಪ್ ಕೊಡುವಂತಿಲ್ಲ.