ಸೈನಿಕನ ಬುತ್ತಿ: ಕೂತ್‌ನಿಂದ ಸಿಯಾಚಿನ್‌ವರೆಗೆ

1915ರ ಡಿಸೆಂಬರ್ ಮೊದಲ ವಾರದಲ್ಲಿ, ಇಂದಿನ ಇರಾಕಿನ ಟೈಗ್ರಿಸ್ ನದಿಯ ತಿರುವಿನಲ್ಲಿರುವ ಕೂತ್ ಎಂಬ ಪಟ್ಟಣದಲ್ಲಿ, ಬ್ರಿಟಿಷ್ ಇಂಡಿಯನ್ ಸೇನೆಯ ಆರನೆಯ ಪೂನಾ ಡಿವಿಷನ್ ತುರ್ಕಿ ಪಡೆಗಳ ಮುತ್ತಿಗೆಗೆ ಸಿಲುಕಿತು. 1916ರ ಏಪ್ರಿಲ್ 29ರಂದು ಶರಣಾಗುವವರೆಗೆ, ಹೆಚ್ಚುಕಡಿಮೆ ಐದು ತಿಂಗಳ ಕಾಲ, ಅಲ್ಲಿನ ಆಸ್ಪತ್ರೆಗೆ ಗುಂಡೇಟು ತಿಂದವರ ಜೊತೆಗೆ ಮತ್ತೆರಡು ಬಗೆಯ ರೋಗಿಗಳೂ ಬರುತ್ತಿದ್ದರು. ಬ್ರಿಟಿಷ್ ಸೈನಿಕರು ಕಾಲು ಊದಿ, ನರಗಳು ಸೋತು ಬೆರಿಬೆರಿಯಿಂದ ನರಳುತ್ತಿದ್ದರೆ, ಭಾರತೀಯ ಸೈನಿಕರು ವಸಡುಗಳಲ್ಲಿ ರಕ್ತ ಒಸರುವ ಸ್ಕರ್ವಿಯಿಂದ ಹಾಸಿಗೆ ಹಿಡಿಯುತ್ತಿದ್ದರು. ಒಂದೇ ಊರಿನಲ್ಲಿ, ಒಂದೇ ಮುತ್ತಿಗೆಯಲ್ಲಿ, ಎರಡು ಗುಂಪುಗಳಿಗೆ ಎರಡು ಬೇರೆ ಕಾಯಿಲೆಗಳು.

ಕಾರಣ ಅವರ ತಟ್ಟೆಯಲ್ಲಿತ್ತು. ಬ್ರಿಟಿಷರಿಗೆ ಹೊಟ್ಟು ತೆಗೆದ ಬಿಳಿ ಹಿಟ್ಟಿನ ಬ್ರೆಡ್ ಸಿಗುತ್ತಿತ್ತು. ಬೆರಿಬೆರಿಯನ್ನು ತಡೆಯುವ ಬಿ1 ಜೀವಸತ್ವ ಇರುವುದೇ ಧಾನ್ಯದ ಹೊಟ್ಟು ಮತ್ತು ಮೊಳಕೆಯ ಭಾಗದಲ್ಲಿ. ಭಾರತೀಯರು ತಿನ್ನುತ್ತಿದ್ದುದು ಹೊಟ್ಟು ಸಹಿತವಾದ ಆಟಾ, ಆದ್ದರಿಂದ ಬೆರಿಬೆರಿ ಅವರ ಹತ್ತಿರ ಸುಳಿಯಲಿಲ್ಲ. ಆದರೆ ತರಕಾರಿ ಮುಗಿದ ಮೇಲೆ ಕಡಿಯಲಾರಂಭಿಸಿದ ಕುದುರೆಗಳ ಮಾಂಸವನ್ನು ಬ್ರಿಟಿಷರು ತಿಂದರು, ಬಹುಪಾಲು ಭಾರತೀಯರು ಧರ್ಮದ ಕಾರಣಕ್ಕೆ ನಿರಾಕರಿಸಿದರು. ತಿನ್ನಬಹುದೆಂದು ಧಾರ್ಮಿಕ ಮುಖಂಡರಿಂದ ಅನುಮತಿ ತರಿಸಿದ ಮೇಲೂ ಹಲವರು ಮುತ್ತಿಗೆಯ ಕೊನೆಯ ವಾರಗಳವರೆಗೆ ಅದನ್ನು ಮುಟ್ಟಲಿಲ್ಲ. ತಾಜಾ ಮಾಂಸದಲ್ಲಿ ಸಿ ಜೀವಸತ್ವ ಇರುವುದು ತೀರಾ ಸ್ವಲ್ಪವಾದರೂ ಸ್ಕರ್ವಿಯನ್ನು ದೂರವಿಡಲು ಅಷ್ಟು ಸಾಕಾಗುತ್ತಿತ್ತು. ಬಿಳಿ ಹಿಟ್ಟಿನ ದಾಸ್ತಾನು ಕರಗಿ ಬ್ರಿಟಿಷರಿಗೂ ಬಾರ್ಲಿ ಮತ್ತು ಆಟಾ ಬೆರೆಸಿದ ರೊಟ್ಟಿ ಕೊಡುವ ಪರಿಸ್ಥಿತಿ ಬಂದಾಗ ಅವರ ಬೆರಿಬೆರಿ ಇಳಿಯಿತು. ಕೊರತೆಯೇ ಔಷಧಿಯಾದ ಇಂಥ ಪ್ರಸಂಗ ವೈದ್ಯಕೀಯ ಚರಿತ್ರೆಯಲ್ಲಿ ಅಪರೂಪ.

ಆಗಿನ್ನೂ ಸಿ ಜೀವಸತ್ವವನ್ನು ಯಾರೂ ಬೇರ್ಪಡಿಸಿರಲಿಲ್ಲ. ಆದರೂ ಲಂಡನ್ನಿನ ಲಿಸ್ಟರ್ ಸಂಸ್ಥೆಯಲ್ಲಿ ಹ್ಯಾರಿಯೆಟ್ ಚಿಕ್ ಮತ್ತು ಅವರ ಸಹೋದ್ಯೋಗಿಗಳು ಸೈನ್ಯದ ಪಡಿತರಕ್ಕೆ ಒಗ್ಗುವ ಆಹಾರಗಳನ್ನು ಒಂದೊಂದಾಗಿ ಪರೀಕ್ಷಿಸಿ ನೋಡಿದರು. ಅವರಿಗೆ ಸಿಕ್ಕ ಉತ್ತರ ನಮ್ಮ ಅಡುಗೆಮನೆಗೆ ಹಳೆಯ ಪರಿಚಯ: ಮೊಳಕೆ ಕಾಳು. ಒಣಗಿದ ಕಾಳಿನಲ್ಲಿ ಸಿ ಜೀವಸತ್ವ ಇಲ್ಲವೆನ್ನುವಷ್ಟು ಕಡಿಮೆ; ಅದೇ ಕಾಳನ್ನು ನೆನೆಸಿ, ಒಂದೆರಡು ದಿನ ಒದ್ದೆ ಬಟ್ಟೆಯಲ್ಲಿಟ್ಟು ಮೊಳಕೆ ಬರಿಸಿದರೆ ಬೀಜವೇ ಅದನ್ನು ತಯಾರಿಸಿಕೊಳ್ಳುತ್ತದೆ. ಮರುಭೂಮಿಯಲ್ಲಿ ನಿಂಬೆಹಣ್ಣು ಕೊಳೆಯಬಹುದು, ಒಣ ಕಾಳಿನ ಮೂಟೆ ಕೊಳೆಯದು. ಮೊಳಕೆಯನ್ನು ಹೆಚ್ಚು ಹೊತ್ತು ಬೇಯಿಸಬಾರದೆಂಬ ಎಚ್ಚರಿಕೆಯೂ ಆ ಸಲಹೆಯ ಜೊತೆಗಿತ್ತು, ಏಕೆಂದರೆ ಈ ಜೀವಸತ್ವಕ್ಕೆ ಬಿಸಿ ಆಗಿಬರುವುದಿಲ್ಲ. ಬೇಯಿಸದ ಹೆಸರುಕಾಳಿನ ಕೋಸಂಬರಿ ಈ ಲೆಕ್ಕದಲ್ಲಿ ಉತ್ತಮ ಯುದ್ಧಾಹಾರ.

ಪೋಷಕಾಂಶದ ಸಮಸ್ಯೆ ಹೀಗೆ ಬಗೆಹರಿದರೆ, ಕೆಡದಂತೆ ಇಡುವ ಸಮಸ್ಯೆಗೆ ಅದಕ್ಕಿಂತ ನೂರು ವರ್ಷ ಹಿಂದೆಯೇ ಫ್ರಾನ್ಸಿನಲ್ಲಿ ಪರಿಹಾರ ಸಿಕ್ಕಿತ್ತು. ನಿಕೋಲಾ ಅಪ್ಪೇರ್ ಎಂಬ ಮಿಠಾಯಿ ತಯಾರಕ, ಆಹಾರವನ್ನು ಗಾಜಿನ ಬಾಟಲಿಯಲ್ಲಿ ತುಂಬಿ ಬಿರಟೆ ಬಿಗಿದು ಕುದಿಯುವ ನೀರಿನಲ್ಲಿಡುವ ವಿಧಾನಕ್ಕಾಗಿ 1810ರಲ್ಲಿ ಸರ್ಕಾರದಿಂದ 12,000 ಫ್ರಾಂಕ್ ಬಹುಮಾನ ಪಡೆದ. ಹಾಗೆ ಮಾಡಿದರೆ ಆಹಾರ ಏಕೆ ಕೆಡುವುದಿಲ್ಲ ಎಂಬುದು ಅವನಿಗೂ ತಿಳಿದಿರಲಿಲ್ಲ. ಅದನ್ನು ವಿವರಿಸಲು ಲೂಯಿ ಪಾಶ್ಚರ್ ಬರಬೇಕಾಯಿತು. ಅದೇ ವರ್ಷ ಇಂಗ್ಲೆಂಡಿನಲ್ಲಿ ತವರದ ಡಬ್ಬಿಗೆ ಪೇಟೆಂಟ್ ದೊರೆಯಿತು. ಡಬ್ಬಿ ತೆರೆಯುವ ಸಾಧನ ಬಂದದ್ದು ಮಾತ್ರ 1850ರ ದಶಕದಲ್ಲಿ. ನಡುವಿನ ನಾಲ್ಕು ದಶಕ ಸೈನಿಕರು ಉಳಿ ಸುತ್ತಿಗೆಯಿಂದಲೋ ಬಂದೂಕಿನ ಬಯೊನೆಟ್‌ನಿಂದಲೋ ತಮ್ಮ ಊಟವನ್ನು ಒಡೆದು ತೆಗೆಯುತ್ತಿದ್ದರು.

ಇಂದು ಡಬ್ಬಿಯ ಜಾಗಕ್ಕೆ ರಿಟಾರ್ಟ್ ಪೊಟ್ಟಣ ಬಂದಿದೆ. ಬೆರಳಿನಿಂದ ಮುಟ್ಟಿದರೆ ದಪ್ಪ ಕಾಗದದಂತೆ ತೋರುವ ಇದರಲ್ಲಿ ಕನಿಷ್ಠ ಮೂರು ಪದರಗಳಿರುತ್ತವೆ: ಹೊರಗೆ ಹರಿಯದ ಪಾಲಿಯೆಸ್ಟರ್, ನಡುವೆ ಗಾಳಿ ಬೆಳಕನ್ನು ತಡೆಯುವ ಅಲ್ಯೂಮಿನಿಯಂ ಹಾಳೆ, ಒಳಗೆ ಬಿಸಿಗೆ ಅಂಟಿಕೊಂಡು ಬಾಯಿ ಮುಚ್ಚುವ ಪಾಲಿಪ್ರೊಪಿಲೀನ್. ಆಹಾರ ತುಂಬಿದ ಪೊಟ್ಟಣವನ್ನು ಒತ್ತಡದ ಹಬೆಯಲ್ಲಿ ಸುಮಾರು 121 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸುತ್ತಾರೆ, ಏಕೆಂದರೆ ಮಾರಕ ವಿಷ ಉತ್ಪಾದಿಸುವ ಬೊಟುಲಿನಮ್ ಬ್ಯಾಕ್ಟೀರಿಯಾದ ಬೀಜಕಣಗಳು ಕುದಿಯುವ ನೀರಿನಲ್ಲಿ ಗಂಟೆಗಟ್ಟಲೆ ಇದ್ದರೂ ಬದುಕಬಲ್ಲವು. 121 ಡಿಗ್ರಿಯಲ್ಲಿ ಕೆಲವೇ ನಿಮಿಷಗಳಲ್ಲಿ ಸಾಯುತ್ತವೆ. ದಪ್ಪನೆಯ ಡಬ್ಬಿಯ ನಡುವಿಗೆ ಬಿಸಿ ತಲುಪುವಷ್ಟರಲ್ಲಿ ಅಂಚಿನ ಪಲ್ಯ ಮುದ್ದೆಯಾಗಿರುತ್ತದೆ. ಪೊಟ್ಟಣ ತೆಳು, ಆದ್ದರಿಂದ ಆಹಾರ ಅತಿಯಾಗಿ ಬೇಯದೆ ತನ್ನ ರೂಪ ಉಳಿಸಿಕೊಳ್ಳುತ್ತದೆ.

ಭಾರತೀಯ ಅಡುಗೆಯನ್ನು ಈ ಪೊಟ್ಟಣಕ್ಕೆ ಇಳಿಸಿದ ಕೆಲಸದಲ್ಲಿ ದೊಡ್ಡ ಪಾಲು ಮೈಸೂರಿನದು. ಅಲ್ಲಿ 1961ರಲ್ಲಿ ಆರಂಭವಾದ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ, ಪಲಾವ್, ಹಲ್ವಾ, ದಿಢೀರ್ ಉಪ್ಪಿಟ್ಟುಗಳ ಜೊತೆಗೆ ತಿಂಗಳುಗಟ್ಟಲೆ ಕೆಡದ ಚಪಾತಿಯನ್ನೂ ರೂಪಿಸಿತು. 1984ರಲ್ಲಿ ರಾಕೇಶ್ ಶರ್ಮಾ ಬಾಹ್ಯಾಕಾಶಕ್ಕೆ ಒಯ್ದ ಭಾರತೀಯ ತಿನಿಸುಗಳು ತಯಾರಾದದ್ದೂ ಇಲ್ಲಿಯೇ. ಅಂಗಡಿಯಲ್ಲಿ ಸಿಗುವ, ಬಿಸಿ ಮಾಡಿ ತಿನ್ನುವ ಪೊಟ್ಟಣದೂಟದ ಮೂಲವೂ ಬಹುಮಟ್ಟಿಗೆ ಈ ಸೈನ್ಯದ ತಂತ್ರಜ್ಞಾನವೇ.

ಪೊಟ್ಟಣವನ್ನು ಬೆಂಕಿಯಿಲ್ಲದೆ ಬಿಸಿ ಮಾಡುವ ಉಪಾಯವೊಂದಿದೆ. ಅಮೆರಿಕದ ಸೈನಿಕರ ಊಟದ ಚೀಲದಲ್ಲಿ ಮೆಗ್ನೀಸಿಯಮ್ ಪುಡಿಗೆ ಸ್ವಲ್ಪ ಕಬ್ಬಿಣ ಮತ್ತು ಉಪ್ಪು ಬೆರೆಸಿದ ತೆಳುವಾದ ಬಿಲ್ಲೆಯೊಂದಿರುತ್ತದೆ. ಅದರ ಮೇಲೆ ಒಂದೆರಡು ಗುಟುಕು ನೀರು ಸುರಿದರೆ, ಕಬ್ಬಿಣದ ಸಂಪರ್ಕದಿಂದ ಮೆಗ್ನೀಸಿಯಮ್ ಅತಿವೇಗವಾಗಿ ಸವೆಯುತ್ತಾ ಶಾಖ ಬಿಡುಗಡೆ ಮಾಡುತ್ತದೆ. ಚೀಲ ಉಬ್ಬಿ, ಹಬೆಯಾಡಿ, ಹತ್ತು ಹದಿನೈದು ನಿಮಿಷಗಳಲ್ಲಿ ಊಟ ಬಿಸಿಯಾಗುತ್ತದೆ. ಹೊಗೆಯಿಲ್ಲ, ಜ್ವಾಲೆಯಿಲ್ಲ, ಶತ್ರುವಿಗೆ ಸುಳಿವೂ ಇಲ್ಲ. ಆದರೆ ಈ ಕ್ರಿಯೆಯಲ್ಲಿ ಹೊರಬೀಳುವುದು ಹೈಡ್ರೋಜನ್ ಅನಿಲವಾದ್ದರಿಂದ ಮುಚ್ಚಿದ ಜಾಗದಲ್ಲಿ ಇದನ್ನು ಬಳಸುವುದು ಅಪಾಯ.

ಸಿಯಾಚಿನ್ ಮೇಲಿನ ಕಷ್ಟ ಬೇರೆಯದೇ. ಅಲ್ಲಿ ಕೊರೆಯುವ ಚಳಿಯೇ ಶೈತ್ಯಾಗಾರ, ಆಹಾರ ಕೆಡುವ ಭಯ ಕಡಿಮೆ. ಆದರೆ 5,500 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧಕ್ಕೆ ಇಳಿದು, ನೀರು ಸುಮಾರು 82 ಡಿಗ್ರಿಗೇ ಕುದಿಯತೊಡಗುತ್ತದೆ. ಎಷ್ಟು ಸೀಮೆಎಣ್ಣೆ ಉರಿಸಿದರೂ ನೀರು ಅದಕ್ಕಿಂತ ಬಿಸಿಯಾಗುವುದಿಲ್ಲ, ಬೇಳೆ ಗಂಟೆಗಳಾದರೂ ಬೇಯುವುದಿಲ್ಲ. ಪ್ರೆಶರ್ ಕುಕ್ಕರ್ ಇಲ್ಲದೆ ಅಲ್ಲಿ ಅಡುಗೆಯೇ ಇಲ್ಲ. ಕುಕ್ಕರಿನ ಮೇಲಿನ ತೂಕ ಹೊರಗಿನ ಒತ್ತಡಕ್ಕೆ ಒಂದು ನಿಗದಿತ ಪ್ರಮಾಣವನ್ನಷ್ಟೇ ಸೇರಿಸುತ್ತದೆ; ಆದ್ದರಿಂದ ಕರಾವಳಿಯಲ್ಲಿ ಒಳಗೆ 120 ಡಿಗ್ರಿ ತಲುಪುವ ಅದೇ ಕುಕ್ಕರ್ ಆ ಎತ್ತರದಲ್ಲಿ ಸುಮಾರು 111ಕ್ಕೆ ನಿಲ್ಲುತ್ತದೆ. ಮೇಲೆ ಹೋದಂತೆ ಕೂಗುಗಳ ಲೆಕ್ಕವನ್ನೂ ಹೆಚ್ಚಿಸಬೇಕು. ಕುಡಿಯುವ ನೀರಿಗೂ ಹಿಮವನ್ನು ಕರಗಿಸಲೇಬೇಕು, ಅದಕ್ಕೂ ಸೀಮೆಎಣ್ಣೆ. ಬೆಂಗಳೂರಿನ ಎಚ್‌ಎಎಲ್ ತಯಾರಿಸಿದ ಚೀತಾ ಹೆಲಿಕಾಪ್ಟರ್‌ಗಳು ಅತಿ ಎತ್ತರದ ಚೌಕಿಗಳಿಗೆ ಒಂದು ಸಲಕ್ಕೆ ಒಯ್ಯಬಲ್ಲದ್ದು ಕೆಲವು ಹತ್ತು ಕಿಲೋ ಸಾಮಾನು ಮಾತ್ರ, ಹಾಗಾಗಿ ಬೇಯಿಸುವ ಪ್ರತಿ ಹೆಚ್ಚುವರಿ ನಿಮಿಷವೂ ಹಾರಾಟದ ಲೆಕ್ಕಕ್ಕೆ ಬರುತ್ತದೆ.

ಇಷ್ಟಾದರೂ ಕೊನೆಯ ತೊಡಕೊಂದು ಉಳಿಯುತ್ತದೆ, ನನ್ನ ಮಟ್ಟಿಗೆ ಎಲ್ಲಕ್ಕಿಂತ ಕಠಿಣವಾದದ್ದು ಅದೇ: ಸೈನಿಕ ಊಟವನ್ನು ತಿನ್ನಬೇಕು. ಎತ್ತರದಲ್ಲಿ ದೇಹಕ್ಕೆ ಹೆಚ್ಚು ಶಕ್ತಿ ಬೇಕಾಗುವ ಹೊತ್ತಿಗೇ ಆಮ್ಲಜನಕದ ಕೊರತೆಯಿಂದ ಹಸಿವು ಸಾಯುತ್ತದೆ. ಚೌಕಿಯಿಂದ ಇಳಿದು ಬರುವವರು ಸೊರಗಿರುವುದು ಸಾಮಾನ್ಯ. ರುಚಿಯ ವಿಷಯದಲ್ಲಿ ಅಮೆರಿಕದ ಸೇನೆ 1937ರಲ್ಲಿ ಒಂದು ವಿಚಿತ್ರ ಪಾಠ ಕಲಿಯಿತು. ತುರ್ತು ಪಡಿತರಕ್ಕೆಂದು ಹರ್ಷೀ ಕಂಪನಿಗೆ ಚಾಕೊಲೇಟ್ ಮಾಡಲು ಹೇಳಿದ ಕ್ಯಾಪ್ಟನ್ ಪಾಲ್ ಲೋಗನ್, ಸೈನಿಕರು ಅದನ್ನು ಸುಮ್ಮನೆ ಬಾಯಾಡಿಸಲು ತಿಂದು ಮುಗಿಸಬಾರದೆಂದು, ಅದು ಬೇಯಿಸಿದ ಆಲೂಗಡ್ಡೆಗಿಂತ ತುಸುವಷ್ಟೇ ರುಚಿಯಾಗಿರಲಿ ಎಂದು ಷರತ್ತು ಹಾಕಿದ. ಬಿಸಿಲಿಗೆ ಕರಗದಂತೆ ಓಟ್ಸ್ ಹಿಟ್ಟು ಬೆರೆಸಿದ 600 ಕ್ಯಾಲೊರಿಯ ಆ ಗಟ್ಟಿ ಇಟ್ಟಿಗೆ ಷರತ್ತನ್ನು ಎಷ್ಟು ಚೆನ್ನಾಗಿ ಪಾಲಿಸಿತೆಂದರೆ, ಯುದ್ಧಭೂಮಿಯಲ್ಲಿ ಅನೇಕರು ಅದನ್ನು ಎಸೆದುಬಿಟ್ಟರು. ಆದ್ದರಿಂದಲೇ ಇಂದು ಹೊಸ ಪಡಿತರವನ್ನು ಸೈನಿಕರ ಮೇಲೆ ಪರೀಕ್ಷಿಸುವಾಗ, ಊಟವಾದ ಮೇಲೆ ಪೊಟ್ಟಣಗಳನ್ನು ಹಿಂದಕ್ಕೆ ಪಡೆದು, ಯಾವ ತಿನಿಸು ಎಷ್ಟು ಗ್ರಾಂ ಉಳಿದಿದೆ ಎಂದು ತೂಗಿ ಬರೆದುಕೊಳ್ಳುತ್ತಾರೆ.